ನಲ್ಲಿಯ ನೀರಿನ ಹೊಣೆ ಎಲ್ಲಿಂದ ಶುರುವಾಗುತ್ತದೆ?

ಪ್ರಶ್ನೆ: ನಾವು ದಾವಣಗೆರೆಯ ನಿವಾಸಿಗಳು. ನಮ್ಮ ಬಡಾವಣೆಯ ಸಭೆಯಲ್ಲಿ ಕೆಲವರು, ಕುಡಿಯುವ ನೀರು ಹುಟ್ಟಿ ಹರಿದು ಬರುವ ಪ್ರದೇಶವನ್ನು ಕಾಪಾಡುವುದಕ್ಕೂ ನೀರು ಸರಬರಾಜು ಮಾಡುವ ಸಂಸ್ಥೆ ಹಣ ಮತ್ತು ಸಿಬ್ಬಂದಿಯನ್ನು ತೊಡಗಿಸಬೇಕು ಎಂದರು. ಕಾಡು ಅರಣ್ಯ ಇಲಾಖೆಯದು, ಅಣೆಕಟ್ಟು ನೀರಾವರಿಯವರದು, ಹೊಲಗದ್ದೆ ರೈತರದು. ನೀರನ್ನು ಶುದ್ಧ ಮಾಡಿ ಮನೆಗೆ ಮುಟ್ಟಿಸುವವರಿಗೆ ಅಲ್ಲೇನು ಕೆಲಸ ಎಂದು ಇನ್ನು ಕೆಲವರು ಕೇಳಿದರು. ಯಾರ ಮಾತು ಸರಿ? ನಾವು ಕಟ್ಟುವ ನೀರಿನ ಕಂದಾಯದಿಂದ ದೂರದ ಗುಡ್ಡಕ್ಕೆ ಖರ್ಚು ಮಾಡುವುದು ನ್ಯಾಯವೇ?

ಉತ್ತರ: ಎರಡನೆಯ ಗುಂಪಿನವರು ಹೇಳಿದ ಒಡೆತನದ ಲೆಕ್ಕದಲ್ಲಿ ತಪ್ಪಿಲ್ಲ. ಜಲಾನಯನ ಪ್ರದೇಶದಲ್ಲಿ, ಅಂದರೆ ಮಳೆನೀರು ಹರಿದು ಮೂಲಕ್ಕೆ ಸೇರುವ ನೆಲದಲ್ಲಿ, ನೀರು ಸರಬರಾಜು ಸಂಸ್ಥೆಗೆ ಸಾಮಾನ್ಯವಾಗಿ ಒಂದು ಗುಂಟೆ ಜಮೀನೂ ಇರುವುದಿಲ್ಲ, ಅಲ್ಲಿ ಯಾರಿಗೂ ನೋಟಿಸು ಕೊಡುವ ಅಧಿಕಾರವೂ ಇರುವುದಿಲ್ಲ. ಹೀಗಿದ್ದೂ ಮೊದಲನೆಯ ಗುಂಪಿನವರ ಮಾತನ್ನೇ ನಾನು ಒಪ್ಪುತ್ತೇನೆ. ಮೇಲೆ ಕಾಡಿನಲ್ಲಿ, ತೋಟದಲ್ಲಿ, ಊರಿನಲ್ಲಿ ಏನೇ ನಡೆದರೂ ಅದರ ಪರಿಣಾಮ ದಿನದ ಇಪ್ಪತ್ತನಾಲ್ಕು ಗಂಟೆಯೂ ಬಂದು ಸೇರುವುದು ನೀರೆತ್ತುವ ಬಾವಿಗೆ, ಅಂದರೆ ಈ ಸಂಸ್ಥೆಯ ಜಾಕ್‌ವೆಲ್ಲಿಗೆ. ಅದನ್ನು ಅಳೆಯುವ ಪ್ರಯೋಗಾಲಯ, ಬರೆದಿಡುವ ರಿಜಿಸ್ಟರು, ಸರಿಪಡಿಸಲು ಸುರಿಯಬೇಕಾದ ಹಣ ಎಲ್ಲವೂ ಇದರದೇ. ನೀರಿನ ಬಗ್ಗೆ ಇಷ್ಟು ಹತ್ತಿರದ ತಿಳಿವಳಿಕೆ ಇನ್ನಾವ ಇಲಾಖೆಗೂ ಇಲ್ಲದಿರುವುದರಿಂದ, ಆ ತಿಳಿವಳಿಕೆಯನ್ನು ಅಧಿಕಾರವುಳ್ಳವರ ಮುಂದೆ ಒಯ್ದು ಕೆಲಸ ಮಾಡಿಸುವುದೇ ಅದರ ಮುಖ್ಯ ಪಾತ್ರ ಎಂಬುದು ನನ್ನ ಅಭಿಪ್ರಾಯ.

ನೀರು ಕೊಡುವವರೂ ಜಲಾನಯನ ಕಾಯುವವರೂ ಒಂದೇ ಕೈಯಾಗಿದ್ದ ಕಾಲವೊಂದು ನಮ್ಮಲ್ಲೇ ಇತ್ತು. ಚಿತ್ರದುರ್ಗದ ಕೋಟೆಯೊಳಗೆ ನಡೆದಾಡಿದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿ ತುಂಬಿ ಮಿಕ್ಕಿದ್ದು ಅಕ್ಕ-ತಂಗಿಯರ ಹೊಂಡದ ಕಡೆಗೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳ ಕಡೆಗೆ ಸಾಗುತ್ತದೆ. ಮಳೆ ಹಿಡಿಯುವ ಬಂಡೆ ಕೋಟೆಗೋಡೆಯ ಒಳಗೇ ಇದ್ದುದರಿಂದ, ಮೇಲಿನ ಹೊಂಡ ಕೆಟ್ಟರೆ ಕೆಳಗಿನವರ ಕೊಡ ಕೆಡುತ್ತದೆ ಎಂಬುದನ್ನು ಪಾಳೆಯಗಾರರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಇಂದು ನಮ್ಮ ನೀರಿನ ಮೂಲಗಳ ಸುತ್ತ ಅಂಥ ಗೋಡೆ ಇಲ್ಲ. ದಾವಣಗೆರೆಗೆ ನೀರು ಬರುವುದು ಎರಡು ದಾರಿಯಲ್ಲಿ: ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ಎತ್ತಿದ ನೀರು ಒಂದು, ಭದ್ರಾ ಚಾನೆಲ್ಲಿನಿಂದ ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳಿಗೆ ತುಂಬಿಸಿಕೊಂಡ ನೀರು ಇನ್ನೊಂದು. ಎರಡರ ಬೇರೂ ಪಶ್ಚಿಮಘಟ್ಟದ ವರಾಹಪರ್ವತದ ಗಂಗಾಮೂಲಕ್ಕೆ ಹೋಗಿ ಮುಟ್ಟುತ್ತದೆ. ಭದ್ರೆ ಅಲ್ಲಿಂದ ಕುದುರೆಮುಖದ ಶೋಲಾ ಕಾಡು, ಹುಲ್ಲುಗಾವಲು, ಚಿಕ್ಕಮಗಳೂರಿನ ಕಾಫಿ ತೋಟಗಳು, ಭದ್ರಾ ಅಭಯಾರಣ್ಯ ದಾಟಿ ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನಿಲ್ಲುತ್ತಾಳೆ. ಮುಂದೆ ಭದ್ರಾವತಿಯನ್ನು ಹಾದು ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ತುಂಗೆ ಅದಕ್ಕೆ ಮೊದಲೇ ಶಿವಮೊಗ್ಗ ನಗರದ ನಡುವೆ ಹರಿದು ಬಂದಿರುತ್ತಾಳೆ. ಚಿತ್ರದುರ್ಗಕ್ಕೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರದಿಂದಲೂ, ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರದಿಂದಲೂ ನೀರು ಬರುತ್ತದೆ. ಸೂಳೆಕೆರೆಯ ಜಲಾನಯನ ಪ್ರದೇಶ ಸುಮಾರು 330 ಚದರ ಕಿ.ಮೀ.; ವಾಣಿವಿಲಾಸದ್ದು 5,300 ಚದರ ಕಿ.ಮೀ.ಗೂ ಹೆಚ್ಚು, ಅದರಲ್ಲಿ ದೊಡ್ಡ ಪಾಲು ಚಿಕ್ಕಮಗಳೂರು ಜಿಲ್ಲೆಯಲ್ಲಿದೆ.

ಶುದ್ಧೀಕರಣ ಘಟಕ ಇರುವಾಗ ಮೇಲಿನ ಚಿಂತೆ ಏಕೆ ಎಂಬ ಮಾತು ನಿಮ್ಮ ಸಭೆಯಲ್ಲೂ ಬಂದಿರಬೇಕು. ಮೂರು ದಶಕ ಇಂತಹ ಘಟಕಗಳಲ್ಲೇ ಕೆಲಸ ಮಾಡಿದವನಾದ್ದರಿಂದ ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮುಂಗಾರಿನ ಮೊದಲ ದೊಡ್ಡ ಮಳೆಯ ನಂತರ ನದಿಗೆ ಹೊಸ ನೀರು ಬರುತ್ತದೆ. ಸಂಜೆ ತಿಳಿಹಸಿರಾಗಿದ್ದ ನೀರು ಬೆಳಗಾಗುವಷ್ಟರಲ್ಲಿ ಹಾಲು ಕಡಿಮೆ ಹಾಕಿದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ರಾತ್ರಿ ಪಾಳಿಯ ಆಪರೇಟರು ಬಂದು, 'ಸಾರ್, ನೀರು ತಿರುಗಿತು' ಎಂದರೆ ಸಾಕು, ಎಲ್ಲರೂ ಪ್ರಯೋಗಾಲಯಕ್ಕೆ ಹೋಗುತ್ತೇವೆ. ಅಲ್ಲಿ ಆರು ಗಾಜಿನ ಜಾರುಗಳಲ್ಲಿ ಒಂದೊಂದು ಲೀಟರ್ ಕಚ್ಚಾ ನೀರು ತುಂಬಿ, ಒಂದಕ್ಕೆ 10 ಮಿಲಿಗ್ರಾಂ, ಮತ್ತೊಂದಕ್ಕೆ 20 ಎಂದು 60ರವರೆಗೆ ಆಲಂ, ಅಂದರೆ ಪಟಿಕ ಹಾಕಿ, ಮೊದಲು ಒಂದು ನಿಮಿಷ ಜೋರಾಗಿ, ಆಮೇಲೆ ಇಪ್ಪತ್ತು ನಿಮಿಷ ನಿಧಾನವಾಗಿ ತಿರುಗಿಸಿ ಬಿಡುತ್ತೇವೆ. ಕಣ್ಣಿಗೆ ಕಾಣದ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಅಕ್ಕಿನುಚ್ಚಿನಷ್ಟು ದಪ್ಪವಾಗಿ ತಳಕ್ಕೆ ಇಳಿಯತೊಡಗುತ್ತವೆ. ಯಾವ ಜಾರಿನಲ್ಲಿ ಮೇಲಿನ ನೀರು ಚೆನ್ನಾಗಿ ತಿಳಿಯಾಯಿತೋ ಅದೇ ಆ ದಿನದ ಪ್ರಮಾಣ. ಬೇಸಿಗೆಯಲ್ಲಿ 20ರ ಜಾರು ಗೆದ್ದರೆ, ಹೊಸ ನೀರಿನ ದಿನ 60ರ ಜಾರೂ ಸಾಲದೆ ಹೋಗಬಹುದು.

ಇದನ್ನು ಊರಿನ ಅಳತೆಗೆ ತಂದು ನೋಡಿ. ದಿನಕ್ಕೆ 5 ಕೋಟಿ ಲೀಟರ್ ಶುದ್ಧೀಕರಿಸುವ ಘಟಕವೊಂದನ್ನು ಊಹಿಸಿಕೊಂಡರೆ, ಲೀಟರಿಗೆ 20 ಮಿಲಿಗ್ರಾಂ ಎಂದರೆ ದಿನಕ್ಕೆ ಒಂದು ಟನ್ ಆಲಂ. 60 ಎಂದರೆ ಮೂರು ಟನ್. ತಳಕ್ಕಿಳಿದ ಕೆಸರನ್ನು ಹೊರಹಾಕಬೇಕು, ಮರಳಿನ ಫಿಲ್ಟರುಗಳು ಬೇಗ ಕಟ್ಟಿಕೊಳ್ಳುವುದರಿಂದ ಅವನ್ನು ಮತ್ತೆ ಮತ್ತೆ ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು ತೊಳೆಯಬೇಕು, ಆ ತೊಳೆಯುವುದಕ್ಕೂ ಶುದ್ಧ ನೀರೇ ಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕದಡಿಕೆ (ಅದನ್ನು ಅಳೆಯುವ ಮಾನ ಎನ್‌ಟಿಯು) 1 ಎನ್‌ಟಿಯು ಒಳಗಿರಬೇಕು. ಬೇರೆ ಮೂಲ ಇಲ್ಲದಾಗ ಮಾತ್ರ 5ರವರೆಗೆ ಒಪ್ಪಬಹುದು. ಈ ಗೆರೆಯೊಳಗೆ ನೀರನ್ನು ತರುವುದಕ್ಕಾಗಿ ಮೇಲಿನ ಗುಡ್ಡದಿಂದ ಕೊಚ್ಚಿ ಬಂದ ಪ್ರತಿ ಬುಟ್ಟಿ ಮಣ್ಣಿಗೂ ಕೆಳಗೆ ಲೆಕ್ಕ ಕಟ್ಟಬೇಕಾಗುತ್ತದೆ.

ಮಣ್ಣಾದರೂ ಕಣ್ಣಿಗೆ ಕಾಣುತ್ತದೆ. ಚರಂಡಿ ನೀರು ಹೆಚ್ಚು ಕಷ್ಟದ ಸಂಗತಿ. ಅದರೊಡನೆ ಬರುವ ಅಮೋನಿಯಾ ಕ್ಲೋರಿನ್ನನ್ನು ನುಂಗಿಬಿಡುತ್ತದೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ತೀರಿಸಲು ಸುಮಾರು 8ರಿಂದ 10 ಮಿಲಿಗ್ರಾಂ ಕ್ಲೋರಿನ್ ಬೇಕು. ಅದು ತೀರಿದ ಮೇಲಷ್ಟೇ ನೀರಿನಲ್ಲಿ ರೋಗಾಣು ಕೊಲ್ಲುವ ಮುಕ್ತ ಕ್ಲೋರಿನ್ ಉಳಿಯುತ್ತದೆ. ಅದೇ 5 ಕೋಟಿ ಲೀಟರ್ ಘಟಕದಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಅಮೋನಿಯಾ ಹೆಚ್ಚಿದರೆ ದಿನಕ್ಕೆ 400ರಿಂದ 500 ಕಿಲೋ ಕ್ಲೋರಿನ್ ಹೆಚ್ಚುವರಿಯಾಗಿ ಬೇಕಾಗುತ್ತದೆ. ಅಷ್ಟು ಹಾಕಿದರೆ ನೀರಿನಲ್ಲಿರುವ ಕೊಳೆತ ಎಲೆ, ಪಾಚಿಯ ಸಾವಯವ ಅಂಶದೊಡನೆ ಕ್ಲೋರಿನ್ ಸೇರಿ ಟ್ರೈಹ್ಯಾಲೋಮೀಥೇನ್‌ನಂತಹ, ಆರೋಗ್ಯಕ್ಕೆ ಒಳ್ಳೆಯದಲ್ಲದ ಸಂಯುಕ್ತಗಳು ಹುಟ್ಟುತ್ತವೆ. ಹಾಕದಿದ್ದರೆ ರೋಗಾಣು ಉಳಿಯುತ್ತದೆ. ಇನ್ನು ಗದ್ದೆಗಳಿಂದ ಬಸಿದು ಬರುವ ನೈಟ್ರೇಟನ್ನಾಗಲಿ, ನೀರಿನಲ್ಲಿ ಕರಗಿದ ಕೀಟನಾಶಕವನ್ನಾಗಲಿ ಆಲಂ, ಮರಳು, ಕ್ಲೋರಿನ್ ಎಂಬ ನಮ್ಮ ಮಾಮೂಲಿ ಮೂರು ಹಂತಗಳು ನೆಚ್ಚುವಂತೆ ತೆಗೆಯಲಾರವು. ಶುದ್ಧೀಕರಣ ಘಟಕ ಎಲ್ಲವನ್ನೂ ಸರಿಮಾಡುತ್ತದೆ ಎಂಬ ನಂಬಿಕೆ ಜನರಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಘಟಕದವರೂ ಅದನ್ನು ತಿದ್ದುವ ಧೈರ್ಯ ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ತನ್ನ ಕುಡಿಯುವ ನೀರಿನ ಮಾರ್ಗಸೂಚಿಯನ್ನು ಪರಿಷ್ಕರಿಸಿದಾಗ, ನಲ್ಲಿಯ ಬಾಯಲ್ಲಿ ಪರೀಕ್ಷೆ ಮಾಡಿದರೆ ಸಾಲದು, ಜಲಾನಯನದಿಂದ ಬಳಕೆದಾರನವರೆಗೆ ಪ್ರತಿ ಹಂತದ ಅಪಾಯವನ್ನೂ ಮೊದಲೇ ಗುರುತಿಸಿ ತಡೆಯುವ 'ನೀರು ಸುರಕ್ಷತಾ ಯೋಜನೆ' ಬೇಕು ಎಂದದ್ದು ಇದೇ ಕಾರಣಕ್ಕೆ.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಿದೆ. ಗೃಹಬಳಕೆಯ ನೀರು ಸರಬರಾಜು ಅದರಲ್ಲಿದೆ, ಪರಿಸರ ಸಂರಕ್ಷಣೆಯೂ ಅದರಲ್ಲಿದೆ. ನದಿ ತೊರೆಗಳಿಗೆ ಮಲಿನ ನೀರು ಬಿಡುವುದನ್ನು ತಡೆಯುವ ಅಧಿಕಾರ 1974ರ ಜಲ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಗಿದೆ. ಮಾಮೂಲಿ ಶುದ್ಧೀಕರಣದ ನಂತರ ಕುಡಿಯಲು ಒದಗುವ ಮೂಲವನ್ನು ಕೇಂದ್ರ ಮಂಡಳಿ 'ಸಿ' ವರ್ಗ ಎಂದು ಕರೆಯುತ್ತದೆ: ಲೀಟರಿಗೆ ಕರಗಿದ ಆಮ್ಲಜನಕ 4 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು, ಬಿಒಡಿ, ಅಂದರೆ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ, 3 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರಿನಲ್ಲಿ ಮಲಿನತೆಯನ್ನು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಸಂಖ್ಯೆ 5,000 ದಾಟಬಾರದು. ಜಾಕ್‌ವೆಲ್ಲಿನ ನೀರು ವರ್ಷದ ಯಾವ ಯಾವ ತಿಂಗಳು ಈ ಗೆರೆ ದಾಟುತ್ತದೆ ಎಂಬ ದಾಖಲೆ ಸರಬರಾಜು ಸಂಸ್ಥೆಯ ಕೈಯಲ್ಲಿದ್ದರೆ, ಮಂಡಳಿಯ ಮುಂದೆ ಅದಕ್ಕಿಂತ ಗಟ್ಟಿಯಾದ ಅರ್ಜಿ ಬೇರೆ ಬೇಕಿಲ್ಲ.

ಆದರೆ ಆ ದಾಖಲೆಯನ್ನು ನಾವು ಹಾಗೆ ಬಳಸುವುದೇ ಇಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ಹನ್ನೊಂದು ವರ್ಷದ ರಿಜಿಸ್ಟರುಗಳು ಒಂದರ ಮೇಲೊಂದು ಬೀರುವಿನಲ್ಲಿದ್ದವು. ದಿನಕ್ಕೆ ಮೂರು ಬಾರಿ ಕದಡಿಕೆ, ಪಿಎಚ್, ಆಲಂ ಪ್ರಮಾಣ ಎಲ್ಲವನ್ನೂ ಆಪರೇಟರುಗಳು ನೀಲಿ ಶಾಯಿಯಲ್ಲಿ ತಪ್ಪದೆ ಬರೆದಿದ್ದರು. ಆಡಿಟ್‌ನವರು ಆಲಂ ಖರ್ಚಿನ ಅಂಕಣ ನೋಡಿ ಸಹಿ ಹಾಕಿದ್ದರು. ಆ ಹನ್ನೊಂದು ವರ್ಷವನ್ನು ಒಂದು ಹಾಳೆಯ ಮೇಲೆ ರೇಖಾಚಿತ್ರವಾಗಿ ಯಾರೂ ಬಿಡಿಸಿರಲಿಲ್ಲ. ನಾವು ಬಿಡಿಸಿ ನೋಡಿದಾಗ, ಮಳೆಯಿಲ್ಲದ ಜನವರಿಯಲ್ಲೂ ವಾರಕ್ಕೊಮ್ಮೆ ಎಂಬಂತೆ ಕದಡಿಕೆ ಏರಿದ್ದು ಕಂಡಿತು. ಹುಡುಕಿಕೊಂಡು ಹೋದರೆ, ಸ್ವಲ್ಪ ಮೇಲೆ ಹಳ್ಳವೊಂದು ಸೇರುವ ಜಾಗದಲ್ಲಿ ಮರಳು ತೆಗೆಯುತ್ತಿದ್ದರು. ಉತ್ತರ ಬೀರುವಿನಲ್ಲೇ ಇತ್ತು. ಅಷ್ಟು ವರ್ಷ ಹೆಚ್ಚುವರಿ ಆಲಂ ಸುರಿದದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಹಾಗಾದರೆ ಸಂಸ್ಥೆ ಎಲ್ಲಿಂದ ಶುರು ಮಾಡಬೇಕು? ಹತ್ತಿರದಿಂದ ಎಂದು ನಾನು ಹೇಳುತ್ತೇನೆ. ಘಟ್ಟದ ಕಾಡಿನ ಬಗ್ಗೆ ಭಾಷಣ ಮಾಡುವ ಮುನ್ನ ಊರಿನ ಪಕ್ಕದ ಸಂಗ್ರಹ ಕೆರೆಯನ್ನು ನೋಡಬೇಕು. ಚಾನೆಲ್ಲಿನ ನೀರು ನಿಂತ ತಿಂಗಳುಗಳಲ್ಲಿ ಕುಂದವಾಡದಂತಹ ಕೆರೆಯೇ ಊರಿನ ಬಾಯಿಗೆ ಆಧಾರ. ಇಂತಹ ಕೆರೆಯ ವಿಷಯದಲ್ಲಿ ಒಂದು ಅನುಕೂಲವಿದೆ: ಅದನ್ನು ತುಂಬಿಸುವುದು ಮುಖ್ಯವಾಗಿ ಚಾನೆಲ್ಲಿನ ನೀರಾದ್ದರಿಂದ, ಅದರ ಸುತ್ತಲಿನ ಇಳಿಜಾರಿನಿಂದ ಬರುವ ಬಡಾವಣೆಯ ರಾಡಿಯನ್ನು ಬೇರೆ ಕಾಲುವೆಗೆ ತಿರುಗಿಸಿದರೂ ಕೆರೆಗೆ ನೀರಿನ ನಷ್ಟವಿಲ್ಲ. ಏರಿಯ ಮೇಲೆ ಬೆಳಗಿನ ವಾಯುವಿಹಾರ ನಡೆಯಲಿ, ಹಕ್ಕಿಗಳು ಬರಲಿ; ದನ ಮೈತೊಳೆಯುವುದು, ವಾಹನ ತೊಳೆಯುವುದು, ಬಣ್ಣದ ಮೂರ್ತಿ ಬಿಡುವುದು ಇವಕ್ಕೆ ಮಾತ್ರ ಬೇರೆ ಜಾಗ ಕಲ್ಪಿಸಬೇಕು. ನೀರು ಒಳಬರುವ ಬಾಯಲ್ಲಿ ಹೂಳು ನಿಲ್ಲುವ ಒಂದು ಗುಂಡಿ, ಅದನ್ನು ವರ್ಷಕ್ಕೊಮ್ಮೆ ತೆಗೆಯುವ ವ್ಯವಸ್ಥೆ, ಅಂಚಿನಲ್ಲಿ ಜೊಂಡು ಬೆಳೆಯಲು ಬಿಟ್ಟ ಒಂದು ಪಟ್ಟಿ ಇದ್ದರೆ ರಂಜಕ (ಫಾಸ್ಫರಸ್) ಕೆರೆಯೊಳಕ್ಕೆ ಇಳಿಯುವುದು ಎಷ್ಟೋ ಕಡಿಮೆಯಾಗುತ್ತದೆ. ರಂಜಕ ಕಡಿಮೆಯಾದರೆ ಬೇಸಿಗೆಯಲ್ಲಿ ಪಾಚಿ ಕಡಿಮೆ, ನೀರಿಗೆ ಮಣ್ಣಿನ ವಾಸನೆಯೂ ಕಡಿಮೆ. ಇವೆಲ್ಲ ಸ್ಥಳೀಯ ಸಂಸ್ಥೆ ತನ್ನೂರಿನಲ್ಲೇ ಮಾಡಬಹುದಾದ ಕೆಲಸಗಳು.

ಎರಡನೆಯದು ನದಿಯಲ್ಲಿ ನೀರೆತ್ತುವ ಜಾಗ ಮತ್ತು ಅದರ ಮೇಲಿನ ಹರಿವು. ಅಲ್ಲಿಯವರೆಗೆ ಯಾವ ಯಾವ ಊರಿನ ಚರಂಡಿ, ಯಾವ ಹಳ್ಳ, ಯಾವ ಕಾರ್ಖಾನೆಯ ಕೊಳವೆ ಸೇರುತ್ತದೆ ಎಂಬುದನ್ನು ನಡೆದೇ ನೋಡಿ ನಕ್ಷೆ ಮಾಡಬೇಕು. ಒಂದು ಬೇಸಿಗೆಯ ಕೆಲಸ ಅದು. 'ಗಂಗಾ ಸ್ನಾನ, ತುಂಗಾ ಪಾನ' ಎಂದು ಹೆಸರಾದ ನದಿಯ ದಡದಲ್ಲಿ ಒಂದೂರಿನ ಚರಂಡಿ ಮುಂದಿನೂರಿನ ಕುಡಿಯುವ ನೀರನ್ನು ಸೇರುವುದನ್ನು ತಪ್ಪಿಸಲು ಮೇಲಿನೂರಿನ ಒಳಚರಂಡಿ ಘಟಕವೇ ದಾರಿ. ಅದನ್ನು ಕಟ್ಟುವುದು ಕೆಳಗಿನವರ ಕೈಯಲ್ಲಿಲ್ಲ. ಆದರೆ ಅಲ್ಲಿ ಪಂಪು ಕೆಟ್ಟು ಚರಂಡಿ ನೇರವಾಗಿ ನದಿಗೆ ಬಿದ್ದ ದಿನ, ಕೆಳಗಿನ ಘಟಕಕ್ಕೆ ಒಂದು ಫೋನ್ ಕರೆ ಬರುವಂತೆ ಲಿಖಿತ ಒಪ್ಪಂದ ಮಾಡಿಕೊಳ್ಳಬಹುದು. ನೀರು ಬಂದು ಮುಟ್ಟುವ ಮುನ್ನ ಸಿಗುವ ಕೆಲವು ಗಂಟೆಗಳಲ್ಲಿ ನದಿಯ ಪಂಪು ನಿಲ್ಲಿಸಿ ಕೆರೆಯ ನೀರಿಗೆ ಬದಲಾಯಿಸಿಕೊಳ್ಳಬಹುದು. ದಾವಣಗೆರೆಗೆ ನದಿಯೂ ಇದೆ, ಕೆರೆಯೂ ಇದೆ. ಎಲ್ಲ ಊರುಗಳಿಗೂ ಈ ಭಾಗ್ಯವಿಲ್ಲ.

ದೂರದ ಮಲೆನಾಡಿನ ಮಾತು ಕೊನೆಗೆ ಬರುತ್ತದೆಯಾದರೂ ಅದು ಕಡಿಮೆಯದಲ್ಲ. ವರ್ಷಕ್ಕೆ 6,000 ಮಿ.ಮೀ. ದಾಟಿ ಮಳೆ ಸುರಿಯುವ ಕುದುರೆಮುಖದ ಇಳಿಜಾರಿನಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯಿತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಡಿಸೆಂಬರ್ ಅಂತ್ಯಕ್ಕೆ ಅದು ನಿಂತಿತು. ನ್ಯಾಯಾಲಯದ ಮುಂದಿದ್ದ ವಾದದಲ್ಲಿ ಭದ್ರೆಗೆ ಇಳಿಯುವ ಹೂಳಿನ ಪ್ರಶ್ನೆ ದೊಡ್ಡದಾಗಿತ್ತು. ಆ ಹೋರಾಟ ನಡೆಸಿದವರು ಪರಿಸರಾಸಕ್ತರು. ಕೆಳಗೆ ಅದೇ ನೀರು ಕುಡಿಯುವ ಊರುಗಳ ಪ್ರಯೋಗಾಲಯಗಳ ಅಂಕಿಗಳು ಇಂತಹ ವಾದಕ್ಕೆ ಸಹಜವಾಗಿ ಒದಗಿಬರುವ ಸಾಕ್ಷಿ. ಮುಂದೆ ಇಂಥದೊಂದು ಪ್ರಶ್ನೆ ಎದ್ದಾಗ ಅವು ಬೀರುವಿನಲ್ಲಿ ಕೂರಬಾರದು. ಕಾಫಿ ತೋಟಗಳ ವಿಷಯ ಇಷ್ಟು ದೊಡ್ಡ ಜಗಳದ್ದಲ್ಲ. ಹಣ್ಣು ಪಲ್ಪಿಂಗ್ ಮಾಡುವ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಚಳಿಗಾಲದಲ್ಲೇ ಹಳ್ಳಗಳ ಹರಿವು ಇಳಿದಿರುತ್ತದೆ. ಪಲ್ಪರ್ ನೀರು ಹಾಗೇ ಹಳ್ಳಕ್ಕೆ ಬಿದ್ದರೆ ಆಮ್ಲಜನಕವನ್ನೆಲ್ಲ ಹೀರುತ್ತದೆ, ಗುಂಡಿಗಳಲ್ಲಿ ನಿಲ್ಲಿಸಿ ಇಂಗಿಸಿದರೆ ತೊಂದರೆಯಿಲ್ಲ. ಬೆಳೆಗಾರರ ಸಂಘಗಳೊಡನೆ ಕುಳಿತು ಮಾತಾಡಿದರೆ ಆಗುವ ಕೆಲಸವಿದು.

ವಾಣಿವಿಲಾಸದ ಕಡೆ ಸಮಸ್ಯೆಯ ರೂಪವೇ ಬೇರೆ. 1907ರ ಹೊತ್ತಿಗೆ ಕಟ್ಟಿ ಮುಗಿದ, 130 ಅಡಿ ಎತ್ತರಕ್ಕೆ ನೀರು ನಿಲ್ಲುವ, ಸುಮಾರು 30 ಟಿಎಂಸಿ ಸಾಮರ್ಥ್ಯದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರತೊಡಗಿದ್ದು ಇದಕ್ಕೆ ಒಂದು ಮುಖ್ಯ ಕಾರಣ. ಈ ಜಲಾಶಯವನ್ನು ತುಂಬಿಸುವ ವೇದಾವತಿ ನದಿಯ ಸ್ವಂತ ಹರಿವು ಏಕೆ ಸೊರಗಿತು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಜಲಾನಯನ ಅಭಿವೃದ್ಧಿಯೆಂದರೆ ಚೆಕ್ ಡ್ಯಾಂ ಎಂದೇ ನಮ್ಮಲ್ಲಿ ರೂಢಿಯಾಗಿದೆ. ಮೇಲಿನ ಹಳ್ಳಿಗೆ ಅದರಿಂದ ಬಾವಿ ತುಂಬುತ್ತದೆ, ಸಂತೋಷ. ಆದರೆ ಹಳ್ಳಕ್ಕೆ ಹತ್ತಾರು ಕಟ್ಟೆ ಕಟ್ಟಿ, ಅದರ ಪಕ್ಕದಲ್ಲೇ ಕೊಳವೆಬಾವಿ ಕೊರೆದು ಅಡಿಕೆಗೆ, ತೆಂಗಿಗೆ ಎತ್ತಿದರೆ ಕೆಳಗಿನ ಜಲಾಶಯಕ್ಕೆ ಬರುವ ನೀರು ಕಡಿಮೆಯಾಗುತ್ತದೆ. ಬದು, ಹುಲ್ಲು, ಮರ ಮಣ್ಣನ್ನು ಹಿಡಿಯುತ್ತವೆ. ಅವುಗಳ ಜೊತೆ ನೀರೆತ್ತುವ ಲೆಕ್ಕವೂ ಸೇರಬೇಕು. ಈ ಮಾತನ್ನು ಮೇಲಿನವರೊಡನೆ ಆಡಲು ಕೆಳಗಿನ ನಗರಗಳ ನೀರು ಸಂಸ್ಥೆಗೆ ಇಂದು ಒಂದು ವೇದಿಕೆಯಿರಬೇಕು, ಅಲ್ಲಿ ರೈತರಿಗೂ ಸಮಾನವಾದ ಕುರ್ಚಿಯಿರಬೇಕು.

ಈಗ ನೀವು ಕೇಳಿದ ಹಣದ ನ್ಯಾಯ. ನ್ಯೂಯಾರ್ಕ್ ನಗರ 1997ರ ಒಪ್ಪಂದದ ನಂತರ, 200 ಕಿ.ಮೀ.ವರೆಗೂ ದೂರದ ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಜಲಾನಯನದಲ್ಲಿ ರೈತರ ಕೊಟ್ಟಿಗೆ, ಮನೆಗಳ ಸೆಪ್ಟಿಕ್ ಟ್ಯಾಂಕು, ಹಳ್ಳಿಗಳ ಒಳಚರಂಡಿಗೆ ತನ್ನ ಹಣ ಕೊಟ್ಟಿತು. ದೊಡ್ಡ ಫಿಲ್ಟರ್ ಘಟಕ ಕಟ್ಟುವುದಕ್ಕಿಂತ ಅದೇ ಅಗ್ಗವೆಂದು ಲೆಕ್ಕ ಹಾಕಿತ್ತು. ನಮ್ಮ ದೇಶದಲ್ಲೇ ಹಿಮಾಚಲದ ಪಾಲಂಪುರ ಪುರಸಭೆ ತನ್ನ ನೀರಿನ ಚಿಲುಮೆಯ ಮೇಲಿನ ಕಾಡನ್ನು ಕಾಯುವ ಹಳ್ಳಿಗರ ಸಮಿತಿಗೆ ಪ್ರತಿ ವರ್ಷ ಹಣ ಕೊಡುವ ಒಪ್ಪಂದವನ್ನು 2010ರಲ್ಲಿ ಮಾಡಿಕೊಂಡಿತು. ಇವನ್ನು ಹಾಗೆಯೇ ಇಲ್ಲಿಗೆ ಎತ್ತಿ ತರಲಾಗದು. ಪಾಲಂಪುರದ್ದು ಒಂದು ಸಣ್ಣ ಚಿಲುಮೆ. ಭದ್ರೆಯ ನೀರಿಗೆ ಸುಮಾರು ಒಂದು ಲಕ್ಷ ಹೆಕ್ಟೇರ್ ನೀರಾವರಿಯೂ ಪಾಲುದಾರ. ದಾವಣಗೆರೆಯೊಂದೇ ಇಡೀ ಜಲಾನಯನದ ಖರ್ಚು ಹೊರಬೇಕು ಎಂದರೆ ಅದು ಅನ್ಯಾಯವೇ ಸರಿ.

ಆದರೆ ಒಂದು ಸಣ್ಣ ಪಾಲು ಎತ್ತಿಡುವುದು ನ್ಯಾಯ. ಸಾವಿರ ಲೀಟರಿಗೆ 10 ಪೈಸೆ ಎತ್ತಿಟ್ಟರೆ, ಮೇಲೆ ಹೇಳಿದ ದಿನಕ್ಕೆ 5 ಕೋಟಿ ಲೀಟರಿನ ಲೆಕ್ಕದಲ್ಲಿ ದಿನಕ್ಕೆ 5,000 ರೂಪಾಯಿ, ವರ್ಷಕ್ಕೆ 18 ಲಕ್ಷ ಚಿಲ್ಲರೆ ಆಗುತ್ತದೆ. ತಿಂಗಳಿಗೆ 15,000 ಲೀಟರ್ ಬಳಸುವ ಮನೆಗೆ ಬೀಳುವುದು ಒಂದೂವರೆ ರೂಪಾಯಿ. ಆ ಹಣವನ್ನು ಮೊದಲ ವರ್ಷವೇ ಗಿಡ ನೆಡುವುದಕ್ಕೆ ಕೊಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಮೊದಲು ಒಬ್ಬ ರಸಾಯನಶಾಸ್ತ್ರಜ್ಞರು, ಮೂಲದ ಹಾದಿಯಲ್ಲಿ ತಿಂಗಳಿಗೊಮ್ಮೆ ನಡೆದು ನಾಲ್ಕಾರು ಕಡೆ ನೀರಿನ ಮಾದರಿ ತರುವ ಇಬ್ಬರು ಸಿಬ್ಬಂದಿ, ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಎರಡು ವರ್ಷದ ಅಂಕಿ ಕೈಗೆ ಬಂದ ಮೇಲೆ ಯಾವ ಹಳ್ಳಕ್ಕೆ ಹಣ ಹಾಕಿದರೆ ಫಲವಿದೆ ಎಂಬುದು ತಾನಾಗಿಯೇ ಕಾಣುತ್ತದೆ.

ನಿಮ್ಮ ಬಡಾವಣೆಯ ಮುಂದಿನ ಸಭೆಗೆ ಒಂದು ಸಲಹೆ ಕೊಡಬಲ್ಲೆ. ನಲ್ಲಿಯ ನೀರಿನ ಪರೀಕ್ಷಾ ವರದಿಯನ್ನು ಅನೇಕರು ಕೇಳುತ್ತಾರೆ. ನೀವು ಕಳೆದ ಐದು ವರ್ಷದ ಕಚ್ಚಾ ನೀರಿನ ತಿಂಗಳವಾರು ಕದಡಿಕೆ, ಅಮೋನಿಯಾ, ಕೋಲಿಫಾರ್ಮ್ ಅಂಕಿ ಮತ್ತು ಬಳಸಿದ ಆಲಂ, ಕ್ಲೋರಿನ್ ಪ್ರಮಾಣವನ್ನು ಲಿಖಿತವಾಗಿ ಕೇಳಿ. ಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಯಲ್ಲೇ ಕೇಳಬಹುದು. ಉತ್ತರ ಬಂದಾಗ ಆ ಅಂಕಿಗಳನ್ನು ಒಂದು ಉದ್ದನೆಯ ಹಾಳೆಯ ಮೇಲೆ ತಿಂಗಳ ಪ್ರಕಾರ ಚುಕ್ಕೆ ಇಟ್ಟು ಗೆರೆ ಎಳೆಯಿರಿ, ಮಳೆಯ ತಿಂಗಳುಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಮಳೆಯಿಲ್ಲದ ತಿಂಗಳಲ್ಲಿ ಗೆರೆ ಎಲ್ಲಿ ಮೇಲಕ್ಕೆ ಏರಿದೆಯೋ ಆ ಹಾಳೆಯನ್ನು ಎಂಜಿನಿಯರರ ಮೇಜಿನ ಮೇಲೆ ಹರಡಿ, ಆ ತಿಂಗಳು ಮೇಲೆ ಏನಾಯಿತು ಎಂದು ಕೇಳಿ.